ಬಾನೆಟ್ಟಿನ ತೂಕ

ಬೇಗೂರು
18 ಆಗಸ್ಟ್ 2024

ಅಪ್ಪನಿಗೆ,

ನಾನು ಹೊಲಿಗೆ ಕ್ಲಾಸಿಗೆ ಹೋಗುತ್ತಿಲ್ಲ. ಯುಗಾದಿಗೆ ಮುಂಚೆಯೇ ಬಿಟ್ಟೆ. ಬೆಳಿಗ್ಗೆ ಗುಂಡ್ಲುಪೇಟೆ ಬಸ್ಸು ಹತ್ತುವುದು ನಿಜ, ಸಂಜೆ ಮನೆಗೆ ಬರುವುದು ನಿಜ, ನಡುವಿನದ್ದೆಲ್ಲ ಸುಳ್ಳು. ಊಟಿ ರಸ್ತೆಯಲ್ಲಿ ನೀಲಕಂಠಸ್ವಾಮಿ ಎನ್ನುವವರ ಗ್ಯಾರೇಜಿದೆ, ಎಲ್ಲರೂ ಸ್ವಾಮಣ್ಣ ಎನ್ನುತ್ತಾರೆ. ಅಲ್ಲಿ ಕೆಲಸ ಕಲಿಯುತ್ತಿದ್ದೇನೆ. ಹೊಲಿಗೆ ಕ್ಲಾಸಿನ ಕಿಟಕಿಗೆ ಅದು ನೇರ ಎದುರು. ಮಿಷನ್ ತುಳಿಯುತ್ತಾ ಅವರು ಗಾಡಿ ಬಿಚ್ಚುವುದನ್ನೇ ನೋಡುತ್ತಿದ್ದೆ. ಒಂದು ದಿನ ರಸ್ತೆ ದಾಟಿದೆ, ಅಷ್ಟೆ.

ನೀನು ಚೆಕ್‌ಪೋಸ್ಟಿಗೆ ಬರುವವರಿಗೆಲ್ಲ "ನನ್ನ ಮಗಳು ಹೊಲಿಗೆ ಕಲೀತಾವ್ಳೆ" ಎಂದು ಹೇಳುತ್ತೀಯಂತೆ. ಕಂಡಕ್ಟರ್ ಗೋವಿಂದಯ್ಯ ಮಾವ ಹೇಳಿದರು. ಅದನ್ನು ಕೇಳಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಕಾಡಿನೊಳಗಿನ ನಿನ್ನ ಗೇಟಿನ ಹತ್ತಿರ ಫೋನ್ ಸಿಗುವುದಿಲ್ಲ, ಸಿಕ್ಕಿದ್ದರೂ ಬಾಯಲ್ಲಿ ಹೇಳುತ್ತಿದ್ದೆನೋ ಇಲ್ಲವೋ. ಅದಕ್ಕೇ ಈ ಕಾಗದ. ಮಾವನ ಕೈಯಲ್ಲೇ ಕಳಿಸುತ್ತಿದ್ದೇನೆ.

ಬೈಯುವ ಮೊದಲು ಒಂದು ವಿಷಯ ಕೇಳು. ಚಾಮರಾಜನಗರದ ಕರಿಕಲ್ಲು ಕ್ವಾರಿಯವರ ಮಗ ಚಂದ್ರಕುಮಾರ್ ಎಂಬವನು ಒಂದು ಹಳೆಯ ಸ್ಪೋರ್ಟ್ಸ್ ಕಾರು ತಂದಿದ್ದಾನೆ. ಎರಡೇ ಬಾಗಿಲು. ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ರಸ್ತೆಯ ಹಂಪು ಬಂದರೆ ಅಡ್ಡಡ್ಡ ತಿರುಗಿಸಿ, ಒಂದೊಂದೇ ಚಕ್ರ ಹತ್ತಿಸಿ ದಾಟಿಸಬೇಕು. ಸ್ವಾಮಣ್ಣ ಅದಕ್ಕೆ ಉಡ ಎಂದು ಹೆಸರಿಟ್ಟಿದ್ದಾರೆ. "ಬತ್ತಾ ಅದೆ ನೋಡು ಉಡ, ಹೊಟ್ಟೆ ಎಳ್ಕಂಡು" ಎನ್ನುತ್ತಾರೆ.

ಅದರ ಬಾನೆಟ್ಟನ್ನು ಒಂದು ಸಣ್ಣ ಕಂಬಿ ಎತ್ತಿ ನಿಲ್ಲಿಸುತ್ತದೆ. ಆ ಕಂಬಿ ತೆಗೆದು ಎರಡು ಕಡೆಗೂ ಗ್ಯಾಸ್ ಶಾಕರ್ ಹಾಕಬೇಕಂತೆ, ಬೀಗ ಬಿಚ್ಚಿ ಸ್ವಲ್ಪ ಎತ್ತಿದರೆ ಬಾನೆಟ್ಟು ತಾನೇ ಮೇಲೇಳಬೇಕಂತೆ. "ಕಂಬಿ ಐತಲ್ಲಪ್ಪ, ಅದ್ಕೇನ್ ಬಂದದೆ?" ಎಂದರು ಸ್ವಾಮಣ್ಣ. "ಸ್ಟೈಲ್ ಬ್ಯಾಡ್ವಾ ಅಣ್ಣ?" ಎಂದ ಅವನು.

ಶಾಕರ್ ಎಂದರೆ ಒಂದು ಕಪ್ಪು ಕೊಳವೆ, ಅದರೊಳಗಿಂದ ಬರುವ ಒಂದು ಹೊಳೆಯುವ ಕಡ್ಡಿ. ಕೊಳವೆಯಲ್ಲಿ ಏನಿದೆ ಎಂದು ಕೇಳಿದೆ. ಗ್ಯಾಸು ಎಂದರು. ಎಂದರೆ ಗಾಳಿಯ ಥರದ್ದು. ಗಾಳಿ ಇಷ್ಟು ದೊಡ್ಡ ಬಾನೆಟ್ಟನ್ನು ಹೇಗೆ ಹೊತ್ತು ನಿಲ್ಲುತ್ತದೆ ಅಪ್ಪ? ಅದನ್ನು ತಿಳಿಯುವವರೆಗೂ ನನಗೆ ಸಮಾಧಾನವಿಲ್ಲ. ಸ್ವಾಮಣ್ಣ ಈ ಕೆಲಸವನ್ನು ನನಗೇ ಒಪ್ಪಿಸಿದ್ದಾರೆ.

ಈಗ ಬೈಯಿ.

ವನಿತಾ


ಪುಣಜನೂರು ಗೇಟು
1 ಸೆಪ್ಟೆಂಬರ್ 2024

ವನಿತಾಳಿಗೆ ಅಪ್ಪ ಮಾದಪ್ಪನ ಆಶೀರ್ವಾದ.

ಕಾಗದ ಬಂತು. ಎರಡು ಸಲ ಓದಿದೆ. ಬದನಗುಪ್ಪೆಯ ಬಟ್ಟೆ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಆಗಿರುವ ನಮ್ಮ ಸಿದ್ದಮಲ್ಲಪ್ಪನಿಗೆ ನಾನು ಮಾತು ಕೊಟ್ಟಾಗಿದೆ. ದೀಪಾವಳಿ ಕಳೆದ ಮೇಲೆ ನಿನ್ನನ್ನು ಮಿಷನ್ನಿಗೆ ಕೂರಿಸುತ್ತಾನೆ. ನಿಮ್ಮವ್ವ ಕೆಲಸ ಮಾಡುವ ಜಾಗ, ಒಂದೇ ವ್ಯಾನಿನಲ್ಲಿ ಹೋಗಿ ಬರಬಹುದು. ಇದಕ್ಕಿಂತ ಏನು ಬೇಕು? ಕಾಲೇಜು ಬಿಟ್ಟಾಗಲೂ ನಾನು ಏನೂ ಅನ್ನಲಿಲ್ಲ. ಕೂತ ಜಾಗದಲ್ಲಿ ಕೂರಲಾರೆ ಎಂದು ನೀನು ಹೇಳಿದೆ, ನಾನು ಸರಿ ಎಂದೆ.

ನಿಮ್ಮವ್ವನಿಗೆ ಇದೆಲ್ಲ ಗೊತ್ತಿತ್ತಾ?

ಆ ಬಾನೆಟ್ಟು ಎಷ್ಟು ತೂಕ ಇದೆ? ತಗಡಿನದ್ದಾ?

ಮಾದಪ್ಪ


ಬೇಗೂರು
17 ಸೆಪ್ಟೆಂಬರ್ 2024

ಅಪ್ಪನಿಗೆ,

ನೀನು ಬೈಯುತ್ತೀ ಎಂದುಕೊಂಡಿದ್ದೆ. ಬೈದಿದ್ದರೆ ಸುಲಭವಾಗುತ್ತಿತ್ತು.

ಅವ್ವನ ವಿಷಯ. ಅವಳು ಯಾವತ್ತೂ ಏನೂ ಕೇಳಿಲ್ಲ. ಆದರೆ ನಾನು ಗ್ಯಾರೇಜಿಗೆ ಹೋಗಲು ಶುರುಮಾಡಿದ ಮೇಲೆ ಬಚ್ಚಲ ಕಲ್ಲಿನ ಮೇಲೆ ಸೋಪಿನ ಪುಡಿಯ ಪೊಟ್ಟಣ ಖಾಲಿಯಾಗಿದ್ದೇ ಇಲ್ಲ. ಉಗುರಿನ ಗ್ರೀಸು ಅದರಲ್ಲಿ ಮಾತ್ರ ಹೋಗುತ್ತದೆ. ನೀನೇ ತಿಳಿದುಕೋ.

ಬಾನೆಟ್ಟು ತಗಡಿನದ್ದಲ್ಲ. ಮೊದಲು ಕಾರು ಇಟ್ಟುಕೊಂಡಿದ್ದವನು ಕಬ್ಬಿಣದ್ದು ತೆಗೆದು ಫೈಬರಿನದ್ದು ಹಾಕಿಸಿದ್ದ. ತೊಂದರೆ ಶುರುವಾಗಿದ್ದು ಅಲ್ಲಿಂದಲೇ. ಈ ಕಾರಿನ ಹೆಸರು ಹಾಕಿಯೇ ಎರಡೆರಡು ಶಾಕರ್ ಕಟ್ಟಿ ಮಾರುತ್ತಾರೆ, ಆದರೆ ಅವೆಲ್ಲ ಕಬ್ಬಿಣದ ಬಾನೆಟ್ಟಿಗೆ ಲೆಕ್ಕ ಮಾಡಿದವು. ಹಗುರದ್ದಕ್ಕೆ ಹಾಕಿದರೆ ನೂಕಿ ನೂಕಿ ಕೀಲಿನ ಹತ್ತಿರ ಬಾಗಿಸಿಬಿಡುತ್ತವೆ. ಇದನ್ನು ಹೇಳಿದವಳು ಕೊಯಮತ್ತೂರಿನ ಶಾಂತಿ ಎಂಬ ಹೆಂಗಸು. ಶಾಕರಿಗೆ ಗ್ಯಾಸ್ ತುಂಬುವ ಒಂದು ಸಣ್ಣ ಕಾರ್ಖಾನೆಯಲ್ಲಿದ್ದಾಳೆ. ಗ್ಯಾರೇಜಿನಲ್ಲಿದ್ದ ಶಾಕರಿನ ಡಬ್ಬದ ಮೇಲಿನ ನಂಬರಿಗೆ ಫೋನ್ ಮಾಡಿದೆ. ತಮಿಳು ಬರುವುದಿಲ್ಲವಲ್ಲ ಎಂದು ಹೆದರುತ್ತಿದ್ದರೆ ಆ ಕಡೆಯಿಂದ, "ನಾನು ತಾಳವಾಡಿಯವ್ಳು, ಕನ್ನಡ್ದಲ್ಲೇ ಕೇಳು ಕಣ್ಣು" ಎಂದಳು. (ಕಣ್ಣು ಎಂದರೆ ತಮಿಳಿನಲ್ಲಿ ಕಂದ ಎಂದ ಹಾಗೆ.) ಏನು ಕೇಳಿದರೂ ಬೇಸರವಿಲ್ಲ. "ಗಂಡಸ್ರು ರೇಟು ಕೇಳಿ ಫೋನ್ ಮಡುಗ್ಬುಡ್ತಾರೆ. ಯಾಕೆ ಅಂತ ಕೇಳ್ದವ್ಳು ನೀನೊಬ್ಳೇ" ಎಂದಳು.

ಬಾನೆಟ್ಟು ಎಷ್ಟು ತೂಕವಿದೆ ಎಂದು ಅವಳೂ ನಿನ್ನ ಹಾಗೆಯೇ ಕೇಳಿದಳು. ಪಕ್ಕದಲ್ಲಿ ಚೆಂಡುಹೂವು ಕೊಳ್ಳುವವರ ಶೆಡ್ಡಿದೆ. ಮೂಟೆ ತೂಗುವ ಕೊಕ್ಕೆ ತಕ್ಕಡಿಯನ್ನು ಎರವಲು ತಂದೆ. ಮೇಲಿನ ತೊಲೆಗೆ ಕಟ್ಟಿ, ಬಾನೆಟ್ಟಿನ ಮೂತಿಗೆ ಹಗ್ಗ ಹಾಕಿ ಎತ್ತಿ ತೂಗಿದೆವು. ತಕ್ಕಡಿಗೆ ಅಂಟಿದ್ದ ಹೂವೆಲ್ಲ ಕಾರಿನ ಮೇಲೆ ಉದುರಿತು. "ಮದ್ವೆ ಗಾಡಿ ಮಾಡ್ಬುಟ್ರಲ್ಲಾ!" ಎಂದು ಚಂದ್ರಕುಮಾರ ಕೂಗಾಡಿದ. ಬಂದ ತೂಕವನ್ನು ಎರಡು ಶಾಕರಿಗೂ ಸಮ ಹಂಚಿ, ಯಾವುದಕ್ಕೂ ಇರಲಿ ಎಂದು ಸ್ವಲ್ಪ ಹೆಚ್ಚಿಗೆ ಸೇರಿಸಿ, ಅಷ್ಟು ಬಲದ ಎರಡು ಶಾಕರ್ ತರಿಸಿದೆ.

ಹಾಕಿದರೆ ಬಾನೆಟ್ಟು ಅಲ್ಲಾಡಲೂ ಇಲ್ಲ. ಎತ್ತಿ ಬಿಟ್ಟರೆ ಸೊಯ್ಯನೆ ಕೆಳಗೆ ಬರುತ್ತದೆ. ತೂಕ ಸರಿಯಾಗಿ ನೋಡಿದ್ದೇನೆ, ಸ್ವಾಮಣ್ಣನೂ ನೋಡಿದ್ದಾರೆ. ಶಾಕರೂ ಹೊಸದು. ಎಲ್ಲಿ ತಪ್ಪಿದೆ? ಶಾಂತಿ ರಜೆಯಲ್ಲಿದ್ದಾಳೆ. ಚಂದ್ರಕುಮಾರ, "ಹುಡ್ಗಿ ಕೈಗೆ ಕೊಟ್ರೆ ಇನ್ನೇನಾದದು?" ಎಂದ. ಆಯುಧಪೂಜೆಗೆ ಕಾರು ತಯಾರಿಲ್ಲದಿದ್ದರೆ ಮೈಸೂರಿಗೆ ಒಯ್ಯುತ್ತಾನಂತೆ.

ಊಟ ಮಾಡುವಾಗಲೂ ಡಬ್ಬಿಯ ಮುಚ್ಚಳ ಎತ್ತಿ ಎತ್ತಿ ನೋಡುತ್ತಿದ್ದೇನೆ.

ವನಿತಾ


ಪುಣಜನೂರು ಗೇಟು
25 ಸೆಪ್ಟೆಂಬರ್ 2024

ವನಿತಾಳಿಗೆ,

ಮೂತಿಯಿಂದ ಎತ್ತಿ ತೂಗಿದೆ ಎಂದು ಬರೆದಿದ್ದೀಯ. ಅಲ್ಲೇ ತಪ್ಪಿರಬೇಕು. ಒಂದು ತುದಿ ನೀನು ಎತ್ತಿದರೆ, ಉಳಿದ ಭಾರವನ್ನು ಇನ್ನೊಂದು ತುದಿಯ ಕೀಲು ಹೊತ್ತಿರುತ್ತದೆ. ಸತ್ತ ಹಂದಿಯನ್ನು ಇಬ್ಬರು ಹೊರುವಾಗ ಒಬ್ಬನ ಹೆಗಲಿಗೆ ಇಡೀ ಹಂದಿಯ ತೂಕ ಬರುತ್ತದಾ?

ಇನ್ನೊಂದು. ಶಾಕರನ್ನು ಕೂರಿಸಿರುವುದು ಎಲ್ಲಿ? ಕೀಲಿನ ಹತ್ತಿರವಾ, ಮೂತಿಯ ಹತ್ತಿರವಾ?

ನನ್ನ ಗೇಟಿನ ಮರ ನೀನು ನೋಡಿದ್ದೀಯ. ಉದ್ದದ ಕಡೆ ರಸ್ತೆಗೆ ಅಡ್ಡ, ಮೋಟು ಕಡೆ ಕಲ್ಲಿನ ಡಬ್ಬ. ಕಲ್ಲಿರುವುದರಿಂದ ಒಂದೇ ಕೈಯಲ್ಲಿ ಎತ್ತುತ್ತೇನೆ. ಹೋದ ವರ್ಷ ಕಬ್ಬಿನ ಲಾರಿ ಗುದ್ದಿ ಮೋಟು ಕಡೆ ಅರ್ಧ ಮುರಿಯಿತು. ಉಳಿದ ಗಿಡ್ಡ ತುದಿಗೆ ಅದೇ ಡಬ್ಬ ಕಟ್ಟಿದೆವು. ಮೂವರು ಎಳೆದರೂ ಗೇಟು ಏಳಲಿಲ್ಲ. ಕಲ್ಲು ಅದೇ, ಮರ ಅದೇ. ಕಲ್ಲು ಮಾತ್ರ ಅಚ್ಚಿಗೆ ಹತ್ತಿರ ಬಂದಿತ್ತು. ಹತ್ತಿರ ಬಂದಷ್ಟೂ ಹೆಚ್ಚು ಕಲ್ಲು ಬೇಕು ಎಂದು ಗೊತ್ತಾಗಿ ಇನ್ನೊಂದು ಡಬ್ಬ ಕಟ್ಟಿದೆವು, ಎದ್ದಿತು. ಬಲು ಹೆಚ್ಚು ಕಟ್ಟಿದರೂ ಕಷ್ಟವೇ. ಒಂದು ಸಲ ಹಾಗೆ ಮಾಡಿ, ಹಗ್ಗ ಬಿಚ್ಚಿದ ತಕ್ಷಣ ಮರ ಮೇಲಕ್ಕೆ ಹಾರಿ ನನ್ನ ಟೋಪಿಯನ್ನು ಪೊದೆಗೆ ಎಸೆಯಿತು. ನನ್ನ ಜೊತೆ ಡ್ಯೂಟಿ ಮಾಡುವ ಫಾರೆಸ್ಟ್ ಗಾರ್ಡ್ ಇವತ್ತಿಗೂ ನಗುತ್ತಾನೆ.

ಇದನ್ನು ಬರೆದಿದ್ದು ಕೇಳಿದ್ದೀಯ ಎಂದು. ಫ್ಯಾಕ್ಟರಿ ವಿಷಯದಲ್ಲಿ ನನ್ನ ಮಾತು ಬದಲಾಗಿಲ್ಲ.

ಮಾದಪ್ಪ


ಬೇಗೂರು
13 ಅಕ್ಟೋಬರ್ 2024

ಅಪ್ಪ,

ಎದ್ದಿತು! ಬಾನೆಟ್ಟು ತಾನಾಗಿಯೇ ಎದ್ದಿತು!

ನಿನ್ನ ಕಾಗದವನ್ನು ಸ್ವಾಮಣ್ಣನಿಗೆ ಓದಿ ಹೇಳಿದೆ. ಅವರು "ಹಂದಿ ಲೆಕ್ಕ ಸರಿಯಾಗೇ ಐತೆ, ಬಿಚ್ಚಲಾ ಕೀಲ" ಎಂದರು. (ನನ್ನನ್ನೂ "ಲಾ" ಎಂದೇ ಕರೆಯುತ್ತಾರೆ.) ಬಾನೆಟ್ಟನ್ನು ಪೂರ್ತಿ ಬಿಚ್ಚಿ ತೂಗಿದರೆ ಹೆಚ್ಚುಕಡಿಮೆ ಎರಡರಷ್ಟು ಬಂತು. ಕೀಲಿನಿಂದ ಶಾಕರ್ ಕೂರುವ ಜಾಗಕ್ಕೆ ಒಂದು ಗೇಣು, ಬಾನೆಟ್ಟಿನ ನಡುವಿಗೆ ಎರಡು ಗೇಣು ಮೇಲೆ ಸ್ವಲ್ಪ. ಆ ಲೆಕ್ಕ ಹಾಕಿ ಶಾಂತಿಗೆ ಫೋನ್ ಮಾಡಿ ಬಲ ಹೇಳಿದೆ. "ಇದನ್ನ ಯಾರು ಹೇಳ್ಕೊಟ್ರು?" ಎಂದಳು. "ನಮ್ಮಪ್ಪನ ಗೇಟು" ಎಂದೆ.

ಹಾಕಿದ್ದನ್ನು ಹೇಳುತ್ತೇನೆ. ಹಳೆಯ ಕಂಬಿ ಕೊಟ್ಟು ಬಾನೆಟ್ಟು ನಿಲ್ಲಿಸಿಕೊಳ್ಳಬೇಕು. ಇಲ್ಲದಿದ್ದರೆ ತಲೆಯ ಮೇಲೇ. ಕೀಲಿನ ಬೋಲ್ಟಿಗೊಂದು ಪಟ್ಟಿ, ಮಡ್‌ಗಾರ್ಡಿನ ಬೋಲ್ಟಿಗೊಂದು ಪಟ್ಟಿ. ಪಟ್ಟಿಯಲ್ಲಿ ಗೋಲಿಯಂಥ ಉಕ್ಕಿನ ಗುಂಡು ಇರುತ್ತದೆ. ಶಾಕರಿನ ತುದಿಯ ಬಟ್ಟಲನ್ನು ಅದರ ಮೇಲೆ ಒತ್ತಿದರೆ ಟಕ್ ಎಂದು ಕೂರುತ್ತದೆ. ಹೊಳೆಯುವ ಕಡ್ಡಿ ಕೆಳಗೆ, ಕಪ್ಪು ಕೊಳವೆ ಮೇಲೆ ಇರಬೇಕು. ಯಾಕೆ ಎಂದು ಕೇಳಿದೆ. ಕೊಳವೆಯೊಳಗೆ ಒಂದು ಚಮಚ ಎಣ್ಣೆಯೂ ಇದೆಯಂತೆ. ಅದು ಕೆಳಗಿಳಿದು ಬಾಯಿಯ ರಬ್ಬರ್ ಸೀಲನ್ನು ನೆನೆಸಿಟ್ಟಿದ್ದರೆ ಗ್ಯಾಸು ಹೊರಗೆ ಹೋಗುವುದಿಲ್ಲವಂತೆ. ಎಷ್ಟು ಚೆನ್ನಾಗಿ ಯೋಚಿಸಿದ್ದಾರೆ ನೋಡು!

ಕಂಬಿ ತೆಗೆದೆ. ನಿಂತಿತು. ಮುಚ್ಚಿ, ಬೀಗ ಬಿಚ್ಚಿ, ಎರಡು ಬೆರಳಲ್ಲಿ ಎತ್ತಿದೆ. ಕೈ ಬಿಟ್ಟೆ. ಅದು ನಿಧಾನವಾಗಿ, ಮಲಗಿದ್ದ ಎಮ್ಮೆ ಏಳುವ ಹಾಗೆ, ಮೇಲಕ್ಕೆ ಹೋಯಿತು. ಚಂದ್ರಕುಮಾರ ಎಷ್ಟು ಸಲ ಮುಚ್ಚಿ ತೆಗೆದನೋ. ಆಮೇಲೆ ನನ್ನ ಕಡೆ ತಿರುಗಿ, "ನಾನಂದಿದ್ದು ಮನ್ಸಿಗೆ ಹಾಕ್ಕಬ್ಯಾಡ ಕಣಮ್ಮಿ" ಎಂದ.

ಆಯುಧಪೂಜೆಯ ದಿನ ಸ್ಪ್ಯಾನರು, ಜಾಕಿ, ಕಂಪ್ರೆಸರು ಎಲ್ಲಕ್ಕೂ ವಿಭೂತಿ ಕುಂಕುಮ ಇಡುವ ಕೆಲಸವನ್ನು ಸ್ವಾಮಣ್ಣ ನನಗೇ ಕೊಟ್ಟರು. ಶಾಕರಿಗೆ ಬಿಡುತ್ತೇನೆಯೇ? ಬಲಗಡೆಯ ಹೊಳೆಯುವ ಕಡ್ಡಿಗೆ ಮೂರು ಬೆರಳು ವಿಭೂತಿ ದಪ್ಪಗೆ ಎಳೆದೆ. ಕನ್ನಡಿಯಂಥ ಕಡ್ಡಿಯ ಮೇಲೆ ಎಷ್ಟು ಚೆಂದ ಕಂಡಿತು! ಎಡಗಡೆಗೆ ಹೋಗುವಷ್ಟರಲ್ಲಿ ಚಂದ್ರಕುಮಾರ, "ಸಾಕು ಬುಡು, ಹೊತ್ತಾಯ್ತದೆ" ಎಂದು ಅವಸರ ಮಾಡಿದ. ಅದಕ್ಕೆ ಒಂದು ಹೂವಿಟ್ಟು ಬಿಟ್ಟೆ.

ಅಪ್ಪ, ನಾನು ಫ್ಯಾಕ್ಟರಿಗೆ ಹೋಗುವುದಿಲ್ಲ. "ನೋಡೋಣ" ಎಂದು ಬರೆಯಬಹುದಿತ್ತು. ಅದು ಸುಳ್ಳಾಗುತ್ತದೆ. ದೀಪಾವಳಿಗೆ ನೀನು ಬಂದಾಗ ಎದುರಿಗೇ ಹೇಳುತ್ತೇನೆ.

ವನಿತಾ


ಬೇಗೂರು
24 ನವೆಂಬರ್ 2024

ಅಪ್ಪನಿಗೆ,

ದೀಪಾವಳಿಗೆ ನೀನು ಬರಲಿಲ್ಲ. ಗೇಟಿನ ಡ್ಯೂಟಿ ಎಂದು ಗೋವಿಂದಯ್ಯ ಮಾವ ಹೇಳಿದರು. ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ. ಅವ್ವ ಒಬ್ಬಟ್ಟು ಕಟ್ಟಿ ಅವರ ಕೈಗೆ ಕೊಟ್ಟಳು. ತಿಂದೆಯಾ?

ನೀನು ಉತ್ತರ ಬರೆಯದಿದ್ದರೂ ಇದನ್ನು ನಿನಗೇ ಹೇಳಬೇಕು. ಹೋದ ವಾರ ಚಂದ್ರಕುಮಾರ ಊಟಿಗೆ ಹೋಗಿದ್ದ. ಗೆಳೆಯರಿಗೆ ತೋರಿಸಲು ಬಾನೆಟ್ಟು ಎತ್ತಿದರೆ ಅದು ಬಲಕ್ಕೆ ವಾಲಿ, ತಿರುಚಿಕೊಂಡು ಕೆಳಗೆ ಬಂತಂತೆ. ಅವನ ಭುಜಕ್ಕೆ ತಾಗಿದೆ, ದೇವರ ದಯೆ, ಊತ ಮಾತ್ರ. ಕೀಲಿನ ಹತ್ತಿರ ಫೈಬರು ಸೀಳಿದೆ. ಸೋಮವಾರ ಬಂದು ನಿಂತ.

"ಯಾಕಣ್ಣ ಹಿಂಗಾಯ್ತು?" ಎಂದ.

ಸ್ವಾಮಣ್ಣ, "ಊಟಿ ಚಳಿ ಕಣಪ್ಪ. ಚಳೀಲಿ ಗ್ಯಾಸು ಕುಗ್ತದೆ" ಎಂದರು.

ಅದು ಪೂರ್ತಿ ಸುಳ್ಳೂ ಅಲ್ಲ. ಚಳಿಗೆ ಬಲ ಕಡಿಮೆಯಾಗುತ್ತದೆ ಎಂದು ಶಾಂತಿಯೂ ಹೇಳಿದ್ದಳು. ಚಂದ್ರಕುಮಾರ ತಲೆಯಾಡಿಸಿದ. ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನನ್ನ ತಲೆ ಬಿಡಲಿಲ್ಲ. ಚಳಿ ಎಂದರೆ ಎರಡಕ್ಕೂ ಚಳಿಯೇ ತಾನೇ? ಬಲಗಡೆ ಮಾತ್ರ ಯಾಕೆ ಕುಸಿಯಬೇಕು?

ಎರಡನ್ನೂ ಬಿಚ್ಚಿ ನೆಲಕ್ಕೆ ಊರಿ ಮೈಭಾರ ಹಾಕಿದೆ. ಎಡಗಡೆಯದು ನನ್ನನ್ನೇ ವಾಪಸು ನೂಕಿತು. ಬಲಗಡೆಯದು ಒದ್ದೆ ಬಟ್ಟೆಯ ಹಾಗೆ ಕುಸಿಯಿತು, ಮತ್ತೆ ಏಳಲಿಲ್ಲ. ಸೀಲಿನ ಬಾಯಿಯನ್ನು ಬಿಳಿ ಬಟ್ಟೆಯಲ್ಲಿ ಒರೆಸಿದೆ. ಎಣ್ಣೆಯಲ್ಲಿ ಕಲಸಿದ ಬೂದಿ ಬಂತು. ಕಡ್ಡಿಯನ್ನು ಬೆಳಕಿಗೆ ಹಿಡಿದರೆ ಉದ್ದಕ್ಕೂ ಕೂದಲಂಥ ಗೀರು.

ವಿಭೂತಿ ಅಪ್ಪ. ನಾನು ಎಳೆದ ಮೂರು ಬೆರಳು ವಿಭೂತಿ. ಬಾನೆಟ್ಟು ಮುಚ್ಚಿದಾಗಲೆಲ್ಲ ಕಡ್ಡಿ ಅದನ್ನು ಹೊತ್ತುಕೊಂಡು ಸೀಲಿನೊಳಗೆ ಹೋಗಿದೆ. ಅರೆದು ಅರೆದು ಸೀಲನ್ನು ಹರಿದಿದೆ. ಎಡಗಡೆಗೆ ಹೂವು ಮಾತ್ರ ಇಟ್ಟಿದ್ದೆನಲ್ಲ, ಅದು ಉಳಿದಿದೆ.

ಎಲ್ಲರ ಮುಂದೆಯೇ ಹೇಳಿದೆ. "ಚಳಿಯಲ್ಲ. ನಾನು ವಿಭೂತಿ ಹಚ್ಚಿದ್ದಕ್ಕೆ ಆಗಿದ್ದು."

ಸ್ವಾಮಣ್ಣನ ಮುಖ ಕಪ್ಪಿಟ್ಟಿತು. "ನಮ್ಮಪ್ಪನ್ ಕಾಲ್ದಿಂದ ವಿಭೂತಿ ಇಟ್ಟೇ ಕೆಲ್ಸ ಹಿಡಿಯಾದು ಈ ಅಂಗ್ಡೀಲಿ. ಕಾರ್ ಕೆಡ್ಸಿದ್ದು ದೇವ್ರು ಅಂತೀಯಾ?"

"ದೇವ್ರಲ್ಲ ಅಣ್ಣ, ನಾನು. ಇಡಬಾರದ ಜಾಗದಲ್ಲಿ ಇಟ್ಟೆ. ಕಣ್ಣಿಗೆ ಕಾಡಿಗೆ ಹಚ್ಚಕ್ಕೋಗಿ ಗುಡ್ಡೆಗೇ ಹಚ್ದಂಗೆ."

ಚಂದ್ರಕುಮಾರ ಬಟ್ಟೆಯ ಮೇಲಿನ ಬೂದಿಯನ್ನು ನೋಡಿದ, ಭುಜ ಮುಟ್ಟಿಕೊಂಡ. "ಸಾಕು ಬುಡು ಅಂದಿದ್ದಕ್ಕೆ ಒಂದಾದ್ರೂ ಉಳ್ಕಂತು" ಎಂದು ನಕ್ಕುಬಿಟ್ಟ. ಸ್ವಾಮಣ್ಣ ನಗಲಿಲ್ಲ. ಮೂರು ದಿನ ನನ್ನ ಹತ್ತಿರ ಮಾತಾಡಲಿಲ್ಲ. ನಿನ್ನೆ ಹೊಸ ಶಾಕರ್ ಬಂತು. ಹಾಕುವ ಮೊದಲು ಅವರೇ ವಿಭೂತಿ ಉಂಡೆ ತಂದರು. ಕಡ್ಡಿಯನ್ನು ಬಿಟ್ಟು, ಕಪ್ಪು ಕೊಳವೆಯ ಮೇಲೆ, ಸೀಲಿಗೆ ದೂರವಾಗಿ, ಮೂರು ಗೆರೆ ಎಳೆದು ನನ್ನ ಕೈಗೆ ಕೊಟ್ಟರು. 

ಹೊಸದನ್ನು ತರಿಸುವಾಗ ಶಾಂತಿಗೂ ಎಲ್ಲವನ್ನೂ ಹೇಳಿದ್ದೆ. ಅವಳು ತಮ್ಮ ಯಜಮಾನರಿಗೆ ಹೇಳಿದ್ದಾಳೆ. ಸೀಲು ಪರೀಕ್ಷೆ ಮಾಡುವ ಕಡೆ ಒಬ್ಬರು ಬೇಕಂತೆ. ಕೆಟ್ಟು ವಾಪಸು ಬರುವವು ಯಾಕೆ ಕೆಟ್ಟವು ಎಂದು ಬಿಚ್ಚಿ ನೋಡುವುದು, ಅದೇ ಕೆಲಸ. ಕೆಟ್ಟಿದ್ದು ಯಾಕೆ ಎಂದು ನೋಡಲು ಸಂಬಳ ಕೊಡುತ್ತಾರೆ ಎಂದರೆ ನನಗೆ ನಂಬಲಿಕ್ಕೇ ಆಗುತ್ತಿಲ್ಲ. ಉಳಿಯುವುದು ಶಾಂತಿಯ ಮನೆಯಲ್ಲೇ. ಅವ್ವ ಅವಳ ಹತ್ತಿರ ಫೋನಿನಲ್ಲಿ ಮಾತಾಡಿದ್ದಾಳೆ. ಡಿಸೆಂಬರ್ ಎರಡನೆಯ ವಾರ ಬರಲು ಹೇಳಿದ್ದಾರೆ.

ನಿನಗೆ ಹೇಳದೆ ರಸ್ತೆ ದಾಟಿದ್ದು ಒಂದು ಸಲ ಸಾಕು. ಈ ಸಲ ಕೇಳುತ್ತಿದ್ದೇನೆ. ಹೋಗಲೇ?

ವನಿತಾ


ಪುಣಜನೂರು ಗೇಟು
3 ಡಿಸೆಂಬರ್ 2024

ವನಿತಾಳಿಗೆ,

ಒಬ್ಬಟ್ಟು ತಿಂದೆ. ಹಬ್ಬಕ್ಕೆ ರಜೆ ಇತ್ತು. ನಾನೇ ಬರಲಿಲ್ಲ.

ಆಯುಧಪೂಜೆಗೆ ನಾನೂ ಗೇಟಿನ ಅಚ್ಚಿಗೆ ವಿಭೂತಿ ಮೆತ್ತಿದ್ದೆ. ಆವತ್ತಿನಿಂದ ಎತ್ತುವಾಗ ಕಿರ್ರೆನ್ನುತ್ತಿತ್ತು. ಇಬ್ಬನಿಗೆ ಎಂದುಕೊಂಡಿದ್ದೆ. ನಿನ್ನ ಕಾಗದ ಓದಿ ಎದ್ದು ಹೋಗಿ ಅಚ್ಚು ಒರೆಸಿ ಎಣ್ಣೆ ಬಿಟ್ಟೆ. ಈಗ ಸದ್ದಿಲ್ಲ. ಗಾರ್ಡ್, "ಏನ್ ಮಾಡ್ದೆ ಮಾದಪ್ಪ?" ಎಂದು ಕೇಳಿದ. "ನನ್ನ ಮಗಳು ಮೆಕ್ಯಾನಿಕ್ಕು, ಕಾಗದ್ದಲ್ಲಿ ಬರ್ದಿದ್ಲು" ಎಂದೆ. ಬಾಯಿಂದ ಬಂದುಬಿಟ್ಟಿತು.

ಸಿದ್ದಮಲ್ಲಪ್ಪ ಭಾನುವಾರ ಈ ಕಡೆ ಬಂದಿದ್ದ. ನನ್ನ ಮಗಳಿಗೆ ಹೊಲಿಗೆ ಬರುವುದಿಲ್ಲ, ನಾನು ಹೇಳಿದ್ದು ಸುಳ್ಳಾಯಿತು ಎಂದು ಹೇಳಿದೆ. ಅವನಿಗೆ ಬೇಸರವಾಯಿತು. ಟೀ ಕುಡಿಯದೆ ಹೋದ.

ಇಲ್ಲಿ ದಿನವಿಡೀ ಗೇಟು ಎತ್ತುತ್ತೇನೆ. ಯಾರನ್ನೂ ಯಾಕೆ ಹೋಗುತ್ತೀಯ ಎಂದು ಕೇಳುವುದಿಲ್ಲ. ಕೆಳಗೆ ಘಟ್ಟ, ಆಮೇಲೆ ನಾನು ನೋಡದ ಊರು. ನಿನಗೆ ಹೋಗು ಎಂದು ಬರೆಯಲು ಕೂತೆ, ಕೈ ಬರುತ್ತಿಲ್ಲ. ಬೇಡ ಎಂದು ಬರೆಯಲೂ ಬರುತ್ತಿಲ್ಲ.

ಆ ಸತ್ತ ಶಾಕರ್ ಏನು ಮಾಡಿದೆ? ಎಸೆಯಬೇಡ. ಒಳಗೆ ಬರೀ ಗಾಳಿ ಎಂದು ಬರೆದಿದ್ದೆಯಲ್ಲ, ಒಂದು ಸಲ ಕೈಯಲ್ಲಿ ಹಿಡಿದು ನೋಡಬೇಕು.

ಮಾದಪ್ಪ


ಬೇಗೂರು
8 ಡಿಸೆಂಬರ್ 2024

ಅಪ್ಪ,

ಶಾಕರನ್ನು ಎಸೆದಿಲ್ಲ. ಅವ್ವನ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಬ್ಯಾಗಿನ ಮೇಲೇ ಇಟ್ಟಿದ್ದೇನೆ. ಅದನ್ನು ಕುಯ್ಯಬೇಡ, ಒಲೆಯ ಹತ್ತಿರ ಇಡಬೇಡ. ಸತ್ತಿದ್ದರೂ ಒಳಗೆ ಇನ್ನೂ ಸ್ವಲ್ಪ ಉಸಿರು ಇರುತ್ತದೆ ಎಂದು ಶಾಂತಿ ಹೇಳಿದ್ದಾಳೆ. ಕಡ್ಡಿಯನ್ನು ಬಿಸಿಲಿಗೆ ತಿರುಗಿಸಿದರೆ ಗೀರು ಕಾಣುತ್ತದೆ.

ಸ್ವಾಮಣ್ಣನಿಗೆ ಹೇಳಿದೆ. "ಓಗು, ಓಗಿ ನೋಡ್ಕಂಡು ಬಾ. ಇಲ್ಲಿ ನೀನು ಕೇಳದಿರಾ ಪ್ರಶ್ನೆ ಇನ್ಯಾವ್ದೂ ಉಳ್ದಿಲ್ಲ" ಎಂದರು. ಚಂದ್ರಕುಮಾರ ಉಡದಲ್ಲಿ ಬಿಡುತ್ತೇನೆ ಎಂದ. ನಿನ್ನ ಗೇಟಿಗೆ ಬರುವಷ್ಟರಲ್ಲಿ ಎಷ್ಟು ಹಂಪಿದೆ ಗೊತ್ತಾ ಎಂದು ಕೇಳಿದೆ. ಬಗ್ಗಿ ಕಾರಿನ ಹೊಟ್ಟೆ ನೋಡಿದ.

ಅವ್ವ ಫ್ಯಾಕ್ಟರಿಗೆ ರಜೆ ಹಾಕಿ ಚಾಮರಾಜನಗರದವರೆಗೂ ಬರುತ್ತಾಳೆ. ಬ್ಯಾಗಿನ ತಳದಲ್ಲಿ ಸೋಪಿನ ಪುಡಿಯ ಪೊಟ್ಟಣ ಇಟ್ಟಿದ್ದಾಳೆ. ನಾನು ನೋಡಿದ್ದು ಅವಳಿಗೆ ಗೊತ್ತಿಲ್ಲ.

ಕೊಯಮತ್ತೂರಿನ ಬಸ್ಸು ನಿನ್ನ ಗೇಟಿನಲ್ಲಿ ನಿಲ್ಲುತ್ತದೆ. ಎಡಗಡೆ ಕಿಟಕಿಯಲ್ಲಿ ಕೂತಿರುತ್ತೇನೆ. ಶಾಕರನ್ನು ನಿನ್ನ ಕೈಗೆ ಕೊಡುತ್ತೇನೆ. ಆಮೇಲೆ ನೀನು ಗೇಟು ಎತ್ತಬೇಕು.

ಈ ಕಾಗದ ಇವತ್ತೇ ಗೋವಿಂದಯ್ಯ ಮಾವನ ಕೈಯಲ್ಲಿ ಬರುತ್ತದೆ, ನಾನು ನಾಳೆ ಮೊದಲ ಬಸ್ಸಿಗೆ ಹೊರಡುತ್ತೇನೆ.

ವನಿತಾ